ಗ್ರೈಂಡರಿನ ಮೈಯಲ್ಲಿದ್ದ ಕರೆಂಟು

ಮಣ್ಣಗುಡ್ಡದ ಮನೆ ಬಿಟ್ಟು ಫಳ್ನೀರಿನ ಫ್ಲ್ಯಾಟಿಗೆ ಹೊರಟಾಗ ನಾನು ಹಠ ಹಿಡಿದಿದ್ದೆ: ಒಂದು ಸಾಮಾನೂ ಗುಜರಿಗೆ ಹೋಗಬಾರದು, ಬೇಕಾದವರ ಮನೆ ಸೇರಬೇಕು. ದೊಡ್ಡ ಗ್ರೈಂಡರನ್ನು ಕಾವೂರಿನ ಒಬ್ಬ ಹೆಂಗಸಿಗೆ ಕೊಟ್ಟೆ. ಮನೆಯಲ್ಲೇ ದೋಸೆ ಹಿಟ್ಟು ಅರೆದು ಮಾರಬೇಕೆಂದಿದ್ದವಳು. ಬೆಳಿಗ್ಗೆ ಅದನ್ನು ಟೆಂಪೋಕ್ಕೆ ಹೇರಿಸಿ, ದೊಡ್ಡ ಪುಣ್ಯ ಕಟ್ಟಿಕೊಂಡವಳ ಹಾಗೆ ಬೀಗಿದೆ.

ಮಧ್ಯಾಹ್ನ ಅತ್ತೆ ಖಾಲಿ ಅಡುಗೆಮನೆ ಗುಡಿಸುತ್ತಾ ಮೂಲೆಯಿಂದ ಮರದ ಮಣೆ ಎತ್ತಿ ಕೇಳಿದರು, "ಇದನ್ನು ಕಳಿಸ್ಲಿಲ್ಲವಾ?"

ಆಗಲೇ ನನಗೆ ನೆನಪಾದದ್ದು. ಆ ಗ್ರೈಂಡರ್ ಮುಟ್ಟಿದರೆ ಶಾಕ್ ಹೊಡೆಯುತ್ತಿತ್ತು. ಮಣೆಯ ಮೇಲೆ ನಿಂತೇ ಸ್ವಿಚ್ ಹಾಕುವುದು ನಮ್ಮ ಮನೆಯ ಕ್ರಮ. ಮದುವೆಯಾಗಿ ಬಂದ ಹೊಸತರಲ್ಲೇ ನಾನದನ್ನು ಕಲಿತಿದ್ದೆ. ರಿಪೇರಿಯ ಮಾತನ್ನು ಯಾರೂ ಎತ್ತಲಿಲ್ಲ. ಅಭ್ಯಾಸವಾಗಿ ಹೋದದ್ದನ್ನು ಇನ್ನೊಬ್ಬರಿಗೆ ಹೇಳಬೇಕೆಂದು ಹೊಳೆಯುವುದೂ ಇಲ್ಲ. ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದಂತೆ. ಕೊಡುವವಳಾದರೂ ಎಣಿಸಬೇಡವೇ?

ಅವಳಿಗೆ ಫೋನು ಮಾಡಿದೆ. ರಿಂಗಾಗುತ್ತಲೇ ಇತ್ತು, ಎತ್ತುವವರಿಲ್ಲ. ಓಡಿಹೋಗಿ ಕಾವೂರಿಗೆ ರಿಕ್ಷಾ ಹತ್ತಿದೆ.

"ಸ್ವಲ್ಪ ಬೇಗ ಹೋಗಿ ಮಾರಾಯ್ರೆ."

"ಎಂತ ಅಕ್ಕ, ಯಾರಿಗಾದ್ರೂ ಹುಷಾರಿಲ್ವಾ?" ರಿಕ್ಷಾದವನು ಕೇಳಿದ.

"ಗೊತ್ತಿಲ್ಲ" ಎಂದೆ. ಅಕ್ಕಿ ತೊಳೆಯುವ ಜಾಗ ಎಲ್ಲಿಯಾದರೂ ಒಣಗಿರುತ್ತದೆಯೇ? ಅಲ್ಲಿ ಅವಳು ಚಪ್ಪಲಿ ಹಾಕಿರುತ್ತಾಳೆಯೇ? ನೆನಪಿಗೆ ಬಂದ ದೈವಗಳಿಗೆಲ್ಲ ಹರಕೆ ಹೊತ್ತೆ. ಫೋನನ್ನು ಯಾರಾದರೂ ಎತ್ತಿ ಅಳುತ್ತಾರೆಂದು ಹೆದರಿ, ಮತ್ತೆ ಮಾಡುವ ಧೈರ್ಯವೂ ಬರಲಿಲ್ಲ.

ಅವಳ ಮನೆಯ ಬಾಗಿಲು ತೆರೆದಿತ್ತು. ಗ್ರೈಂಡರಿಗೆ ಕುಂಕುಮ ಹಚ್ಚಿ, ನೆನೆಸಿದ ಅಕ್ಕಿ ಸುರಿದಾಗಿತ್ತು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಅವಳು ಸ್ವಿಚ್ಚಿಗೆ ಕೈ ಚಾಚಿದ್ದಳು.

"ಮುಟ್ಟಬೇಡಿ!"

ನನ್ನ ಕಿರುಚಾಟಕ್ಕೆ ನೆರೆಮನೆಯವರು ಹೊರಗೆ ಬಂದರು. ಏದುಸಿರಲ್ಲೇ ವಿಷಯ ಹೇಳಿದೆ. ಅವಳು ಕೈ ಹಿಂದಕ್ಕೆಳೆದು ನನ್ನ ಮುಖವನ್ನೇ ನೋಡಿದಳು. ಆಮೇಲೆ ಎರಡೂ ಕೈಯಿಂದ ಗ್ರೈಂಡರನ್ನು ತಬ್ಬಿ ಹಿಡಿದಳು.

"ಸಣ್ಣ ಶಾಕ್ ಅಲ್ವಾ ಅಕ್ಕ? ನಾನೂ ಮಣೆ ಹಾಕ್ತೇನೆ. ವಾಪಸು ಮಾತ್ರ ತಗೊಂಡು ಹೋಗ್ಬೇಡಿ."

ಇಷ್ಟು ವರ್ಷ ನಾವು ಹೇಳಿಕೊಂಡು ಬಂದದ್ದೂ ಇದೇ ಮಾತು. ಅವಳ ಬಾಯಲ್ಲಿ ಕೇಳಿದಾಗ ದಾರಿಯಲ್ಲಿ ಆದದ್ದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಪ್ಲಗ್ ಕಿತ್ತು ವಯರನ್ನು ಕೈಗೆ ಸುತ್ತಿಕೊಂಡೆ.

"ಕೊಟ್ಟದ್ದು ನಿಮಗೇ. ಈಗಲೇ ಎಲೆಕ್ಟ್ರಿಷಿಯನ್ನನ್ನು ಕರೆಸ್ತೇನೆ, ಸರಿ ಮಾಡ್ಲಿ, ಮತ್ತೆ ಅರೆಯಿರಿ" ಎಂದೆ.

ಅವಳು ನಂಬಲಿಲ್ಲ. ಎಲೆಕ್ಟ್ರಿಷಿಯನ್ ಬರುವವರೆಗೂ ಅವಳು ಗ್ರೈಂಡರ್ ಬಿಡಲಿಲ್ಲ, ನಾನು ವಯರು ಬಿಡಲಿಲ್ಲ.