‘ಹೋದರು’ ಎಂದು ಬರೆದ ಕಾಗದ

ನರಗುಂದದಲ್ಲಿ ಇನ್ನೂ ಅರಸರ ಆಳ್ವಿಕೆಯಿದ್ದ ಕಾಲ. ಊರ ಚಾವಡಿಯಲ್ಲಿ ನಾನು ಹೊಸ ಕಾರಕೂನ. ಮೊದಲ ಸಾಲಿನಲ್ಲಿ ತಿಥಿ, ಎರಡನೆಯದರಲ್ಲಿ ಊರು, ಆಮೇಲೆ ವಿಷಯ. ಕಾಗದದಲ್ಲಿ ಅಶುಭದ ಮಾತು ಬರಕೂಡದು. ನನಗೆ ಬರವಣಿಗೆ ಕಲಿಸಿದವರ ನಿಯಮ ಇದು. ನಾನು ಮೀರಿದವನಲ್ಲ.

ಒಂದು ದಿನ ರಾಜೂರಿನ ಹೆಣ್ಣುಮಗಳೊಬ್ಬಳು ಅಣ್ಣನ ಜೊತೆ ಬಂದಳು. ಅವಳ ಗಂಡ ಹಿಂದಿನ ವರ್ಷ ಅರಳೆ ಮಾರಲು ನರಗುಂದಕ್ಕೆ ಬಂದು ವಾಂತಿಭೇದಿಯಿಂದ ತೀರಿಹೋಗಿದ್ದ. ಮನೆಗೆ ಸುದ್ದಿ ಮುಟ್ಟುವ ಮೊದಲೇ ಇಲ್ಲಿಯ ತಳವಾರರು ಮಣ್ಣು ಮಾಡಿದ್ದರು. ಈಗ ಸೂಡಿಯ ವಿಧುರನೊಬ್ಬ ಅವಳನ್ನು ಉಡಿಕೆ ಮಾಡಿಕೊಳ್ಳಲು, ಅಂದರೆ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳಲು, ಮುಂದೆ ಬಂದಿದ್ದ. ಗಂಡ ಸತ್ತ ಊರಿನ ಚಾವಡಿಯ ಕಾಗದವಿಲ್ಲದೆ ಗಜೇಂದ್ರಗಡದಲ್ಲಿದ್ದ ಅವರ ಕುಲದ ಹಿರಿಯರು ಒಪ್ಪುತ್ತಿರಲಿಲ್ಲ. ನಾನು ದಫ್ತರ ನೋಡಿ, ‘ಚೈತ್ರಮಾಸದಲ್ಲಿ ಇಲ್ಲಿಂದ ಹೋದರು’ ಎಂದು ಬರೆದು ಮುದ್ರೆ ಒತ್ತಿ ಕೊಟ್ಟೆ.

ಎಂಟು ದಿನಕ್ಕೆ ಇಬ್ಬರೂ ತಿರುಗಿ ಬಂದರು. ಅಣ್ಣ ಕಾಗದವನ್ನು ನನ್ನ ಮುಂದಿಟ್ಟ.

“ರಾಯರ, ಏನ್ ಬರದೀರಿ ಇದು? ಗಜೇಂದ್ರಗಡದಾಗ ಹಿರ್ಯಾರು ಓದಿಸಿ ಕೇಳಿ ನಕ್ಕರು. ‘ಹೋದಾಂವ ಎಲ್ಲಿಗೆ ಹೋದ? ನಾಳಿ ತಿರುಗಿ ಬಂದು ಊಟಕ್ಕ ಕುಂತರ ಯಾರು ನೀಡವರು?’ ಅಂದ್ರು.”

“ಹೋದರು ಅಂದರ ತೀರಿಕೊಂಡರು ಅಂತ ಎಲ್ಲಾರಿಗೂ ಗೊತ್ತದಲ್ಲಪ್ಪ.”

“ಮಾತಿನ್ಯಾಗ ಗೊತ್ತೈತ್ರಿ. ಕಾಗದದಾಗ ಗೊತ್ತಿಲ್ಲಂತ. ಸೂಡಿಯಾಂವಗ ಎರಡು ಸಣ್ಣ ಕೂಸದಾವು. ಅಮಾಸಿ ತನಕ ನೋಡ್ತಾನ, ಆಮ್ಯಾಲ ಬ್ಯಾರೆ ಕಡೆ ಹೆಣ್ಣು ಕೇಳ್ತಾನ.”

ಬಾಗಿಲ ಬಳಿ ನಿಂತಿದ್ದ ಅವಳು ಆಗ ಮೊದಲ ಸಲ ಬಾಯಿ ಬಿಟ್ಟಳು. “ಸತ್ತಾನ ಅಂತ ಬರೀರಿ.”

ಹೊಸ ಕಾಗದ ತೆಗೆದು ಬರೆದೆ. ವಾಂತಿಭೇದಿಯಿಂದ ಸತ್ತನೆಂದೂ, ಇದೇ ಊರಲ್ಲಿ ಮಣ್ಣು ಮಾಡಿದರೆಂದೂ, ಆ ತಳವಾರರ ಹೆಸರು ಸಹಿತ ಬರೆದೆ. ಅವಳಿಗೆ ಓದು ಬಾರದು, ಓದಿ ಹೇಳಿರೆಂದಳು. ಓದಿದೆ. ಇನ್ನೊಮ್ಮೆ ಎಂದಳು. ಎರಡನೆಯ ಸಲ ಓದುವಾಗ ಹೊಸ್ತಿಲ ಬದಿಗೆ ಕುಳಿತು ಸೆರಗನ್ನು ಬಾಯಿಗೊತ್ತಿಕೊಂಡಳು.

“ಏಳವ್ವ, ಹೊತ್ತಾಗತೈತಿ,” ಎಂದ ಅಣ್ಣ.

“ತಡಿಯಣ್ಣ. ಅಂವ ಹ್ಯಾಂಗ ಹೋದ, ಯಾರು ಮಣ್ಣು ಕೊಟ್ರು ಅಂತ ನನಗ ಯಾರೂ ಹಿಂಗ ಕೂತು ಹೇಳಿದ್ದಿಲ್ಲ.”

ಮುದ್ರೆಯ ಮಸಿ ಆರುವವರೆಗೆ ನಾವು ಅವಳನ್ನು ಎಬ್ಬಿಸಲಿಲ್ಲ.

ಅಮಾವಾಸ್ಯೆಯೊಳಗೆ ಉಡಿಕೆ ಆಯಿತೆಂದು ಆಮೇಲೆ ಸೂಡಿಯಿಂದ ಸಂತೆಗೆ ಬಂದವರು ಹೇಳಿದರು. ಹಿರಿಯರು ಕಾಗದವನ್ನು ತಮ್ಮಲ್ಲೇ ಇಟ್ಟುಕೊಳ್ಳಲು ಹೋದರೆ ಅವಳು ಬಿಡಲಿಲ್ಲವಂತೆ. ಬೇಕಾದರೆ ನಕಲು ಮಾಡಿಕೊಳ್ಳಿರಿ, ಇದು ನನ್ನದು ಎಂದಳಂತೆ.