ಬಯ್ಯದೇ ಕೂತ ನಿಂಗಮ್ಮಕ್ಕ

ಕೊರೊನಾ ಕಾಟ ಮುಗಿದ ಮರುವರ್ಷದ ಶ್ರಾವಣದಲ್ಲಿ ನಡೆದದ್ದು. ಹುಣಸೂರು ತಾಲ್ಲೂಕಿನ ನಮ್ಮೂರಲ್ಲಿ ಆಗ ಹೊಗೆಸೊಪ್ಪು ಮುರಿಯುವ ಕಾಲ. ಆ ದಿನಗಳಲ್ಲಿ ನಮ್ಮ ಕಡೆಯ ಹೆಂಗಸರ ಅಂಗೈ ತುಂಬ ಕಪ್ಪು ಅಂಟು. ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಉಣ್ಣುವ ಮುದ್ದೆಯೂ ಕಹಿ.

ಈ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಬೆಳಗ್ಗೆ ಮುರಿದ ಹಸಿ ಎಲೆಯನ್ನು ಅವತ್ತೇ ಉದ್ದನೆಯ ಕಡ್ಡಿಗಳಿಗೆ ದಾರದಲ್ಲಿ ಕಟ್ಟಿ, ಸಂಜೆಯೊಳಗೆ ಬ್ಯಾರನ್ನಿನಲ್ಲಿ ಸಾಲಾಗಿ ನೇತುಹಾಕಬೇಕು. ಬ್ಯಾರನ್ ಅಂದರೆ ಸೊಪ್ಪನ್ನು ಬಿಸಿಯಲ್ಲಿ ಹದ ಮಾಡುವ ಎತ್ತರದ ಮನೆ. ಕೈ ಪಳಗಿದವರು ಕಟ್ಟುತ್ತಾರೆ, ಬಾರದವರು ಪಕ್ಕದಲ್ಲಿ ಕೂತು ಮೂರು ಮೂರು ಎಲೆ ಜೋಡಿಸಿ ಕೊಡುತ್ತಾರೆ. ಇದಕ್ಕೆಲ್ಲ ನಮ್ಮಲ್ಲಿ ಮುಯ್ಯಾಳಿನ ಪದ್ಧತಿ ಇದೆ. ಇವತ್ತು ನಾನು ನಿಮ್ಮ ಮನೆಯಲ್ಲಿ ಕಟ್ಟಿದರೆ, ನಾಳೆ ನೀವು ನಮ್ಮ ಮನೆಗೆ ಬಂದು ಕಟ್ಟಬೇಕು.

ನಾನು ಹಂಪಾಪುರದ ಕಡೆ ಹತ್ತಿ ಬಿಡಿಸಿ ಬೆಳೆದವಳು. ಮದುವೆಯಾಗಿ ಬಂದಾಗ ಹೊಗೆಸೊಪ್ಪಿನ ಗಂಧಗಾಳಿ ಇರಲಿಲ್ಲ. ನಮ್ಮ ಮನೆಯಿಂದ ಎರಡು ಮನೆ ಆಚೆಯ ನಿಂಗಮ್ಮಕ್ಕ ಊರಿಗೇ ಒಳ್ಳೆಯ ಕಟ್ಟುವವಳು. ಅವಳು ಒಂದು ಕಡ್ಡಿ ಕಟ್ಟಿ ಮುಗಿಸುವಷ್ಟರಲ್ಲಿ ನಾನು ದಾರ ಬಿಡಿಸಿಕೊಳ್ಳುತ್ತಾ ಇರುತ್ತಿದ್ದೆ. ಅವಳ ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಚುರುಕು. ನಾನು ಕಟ್ಟಿದ ಕಡ್ಡಿಯನ್ನು ಎಲ್ಲರೆದುರು ಎತ್ತಿ ಅಲ್ಲಾಡಿಸಿ, ಎಲೆ ಉದುರಿಸಿ, "ನೀನು ಎಲೆ ಕೊಡಕ್ಕೇ ಲಾಯಕ್ಕು ಕಣಮ್ಮಿ" ಅನ್ನುತ್ತಿದ್ದಳು. ನನಗೊಬ್ಬಳಿಗೇ ಅಲ್ಲ, ಊರಲ್ಲಿ ಅವಳ ಬಾಯಿಗೆ ಸಿಕ್ಕದ ಹೆಂಗಸಿಲ್ಲ.

ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಆದರೆ ನಮ್ಮತ್ತೆ, "ಕಟ್ಟಿದ್ರೆ ನಿಂಗಿ ಕಟ್ದಂಗೆ ಕಟ್ಬೇಕು" ಅನ್ನುವುದನ್ನು ಹನ್ನೆರಡು ವರ್ಷ ಕೇಳಿಸಿಕೊಂಡೆ. ನಾನೂ ಕಲಿತೆ, ನನ್ನ ಕೈಯೂ ಓಡತೊಡಗಿತು. ಅತ್ತೆಯ ಬಾಯಲ್ಲಿ ಮಾತ್ರ ಆ ಹೆಸರು ಬದಲಾಗಲಿಲ್ಲ. ಹೊಟ್ಟೆ ಉರಿಯುತ್ತಿತ್ತು, ಮುಚ್ಚಿಡುವುದೇಕೆ.

ಆ ವರ್ಷ ಯುಗಾದಿ ಕಳೆದ ಮೇಲೆ ನಿಂಗಮ್ಮಕ್ಕನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಬಲಗಾಲು ಎಳೆಯುವಂತಾಯಿತು. ಸುದ್ದಿ ಕೇಳಿ ಅಯ್ಯೋ ಅಂದೆ. ಒಳಗೊಳಗೆ, ಇನ್ನು ನನ್ನ ಕಡ್ಡಿ ಅಲ್ಲಾಡಿಸುವವರಿಲ್ಲ ಅಂತಲೂ ಅನ್ನಿಸಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಅನ್ನಿಸಿದ್ದು ನಿಜ.

ಅತ್ತೆ ದಿನಾ ಮಧ್ಯಾಹ್ನ ಎಣ್ಣೆ ಬಿಸಿ ಮಾಡಿಕೊಂಡು ಹೋಗಿ ಅವಳ ಕೈಕಾಲು ತಿಕ್ಕಿ ಬರುತ್ತಿದ್ದರು. ನನಗೆ ಎಂಟು ದಿನ ಜ್ವರ ಬಂದು ಮಲಗಿದಾಗ "ಎದ್ದು ಓಡಾಡು, ಹೋಯ್ತದೆ" ಅಂದಿದ್ದ ಅತ್ತೆ ಇವರೇ. ಕೈ ಬಿದ್ದ ಮೇಲೂ ಅವಳೇ ಗೆದ್ದಳಲ್ಲ ಅಂತ ನಾನು ಪಾತ್ರೆ ಕುಕ್ಕುತ್ತಿದ್ದೆ.

ಶ್ರಾವಣದ ಒಂದು ಬೆಳಗ್ಗೆ ನಿಂಗಮ್ಮಕ್ಕನ ಗಂಡ ಕೆಂಪಣ್ಣ ನಮ್ಮ ಬಾಗಿಲಿಗೆ ಬಂದು ನಿಂತರು. ಸೊಪ್ಪು ಮುರಿದು ತಂದು ಹಾಕಿದ್ದಾರೆ, ಕಟ್ಟಲು ಊರಿನ ಒಬ್ಬರೂ ಬರುತ್ತಿಲ್ಲ. ಬಂದರೆ ಮುಯ್ಯಿ ತೀರಿಸಲು ಅವಳಿಗೆ ಕೈಯಿಲ್ಲ, ಬೈಸಿಕೊಂಡದ್ದನ್ನು ಯಾರೂ ಮರೆತಿಲ್ಲ. ಪಕ್ಕದೂರಿನಿಂದ ಕೂಲಿಗೆ ಐದು ಜನ ಸಿಕ್ಕಿದ್ದಾರೆ, ಸಾಲದು. ಸಂಜೆಯೊಳಗೆ ಬ್ಯಾರನ್ನಿಗೆ ಏರದಿದ್ದರೆ ಸೊಪ್ಪು ರಾಶಿಯಲ್ಲೇ ಬೆಂದು ಹಾಳಾಗುತ್ತದೆ. ಆ ವರ್ಷ ಅವರ ಮನೆಗೆ ಬೇರೆ ಬೆಳೆ ಇರಲಿಲ್ಲ.

"ನಾನ್ ಬತ್ತೀನಿ ನಡಿ ಕೆಂಪಣ್ಣ" ಅಂತ ಅತ್ತೆ ಎದ್ದರು. ಅವರಿಗೆ ಕಣ್ಣು ಮಂಜು, ದಾರವೇ ಕಾಣಿಸುವುದಿಲ್ಲ.

"ಕೂತ್ಕೊಳಿ ಅತ್ತೆ, ನಾನೇ ಹೋಯ್ತೀನಿ" ಅಂದೆ. ಅತ್ತೆ ನನ್ನನ್ನು ಬಹಳ ಮೆಚ್ಚಿಗೆಯಿಂದ ನೋಡಿದರು. ಕರುಣೆಯಿಂದ ಹೊರಟೆ ಅಂದುಕೊಂಡಿರಬೇಕು. ನಾನು ಹೊರಟದ್ದು ನಿಂಗಮ್ಮಕ್ಕ ಕೂರುತ್ತಿದ್ದ ಜಾಗದಲ್ಲೇ ಕೂತು, ಅವಳ ಕಣ್ಣೆದುರೇ ಸರಸರ ಕಟ್ಟಿ ತೋರಿಸಲು.

ಅಲ್ಲಿ ಹೋದರೆ ಅವಳು ಆಗಲೇ ಎಲೆ ಕೊಡುವವರ ಜಾಗದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಎಡಗೈಯಲ್ಲಿ ಮೂರು ಎಲೆ ಜೋಡಿಸಿ ನನಗೆ ಕೊಟ್ಟಳು. ನಾನು ಕಟ್ಟತೊಡಗಿದೆ. ಜೀವಮಾನದಲ್ಲಿ ಅಷ್ಟು ವೇಗವಾಗಿ ಕಟ್ಟಿದವಳಲ್ಲ. ಕೂಲಿಯವರು ಒಂದು ಕಡ್ಡಿ ಮುಗಿಸಿದರೆ ನನ್ನದು ಎರಡು. ಮುಗಿದದ್ದನ್ನು ಹಿಂದಕ್ಕೆ ಒಗೆಯುವುದು, ಇನ್ನೊಂದು ಎತ್ತಿಕೊಳ್ಳುವುದು. ಅವಳು ಒಂದು ಮಾತೂ ಆಡಲಿಲ್ಲ. ಇವತ್ತು ಬಾಯಿ ಕಟ್ಟಿಹೋಯಿತು ಅಂತ ನನಗೆ ಖುಷಿ.

ಊಟದ ಹೊತ್ತಿಗೆ ನೀರು ಕುಡಿಯಲು ಎದ್ದವಳು ತಿರುಗಿ ನೋಡಿದೆ. ನಿಂಗಮ್ಮಕ್ಕ ನನ್ನ ಕಡ್ಡಿಗಳನ್ನು ಒಂದೊಂದಾಗಿ ಎಳೆದುಕೊಂಡು, ಎಡಮೊಣಕಾಲಿನ ಕೆಳಗೆ ಅದುಮಿ, ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿ ಎಡಗೈಯಿಂದ ಬಿಗಿ ಮಾಡುತ್ತಿದ್ದಳು. ತುಟಿಯೆಲ್ಲ ಕಪ್ಪು ಅಂಟು. ಆ ಕಹಿ ಏನೆಂದು ನಮಗೆ ಗೊತ್ತು, ಒಂದು ಚೂರು ನಾಲಿಗೆಗೆ ತಾಗಿದರೂ ವಾಂತಿ ಬರುತ್ತದೆ.

"ಏನಕ್ಕ ಮಾಡ್ತಿದ್ದೀಯ?" ಅಂದೆ.

ಅವಳು ಬೆಚ್ಚಿ ಕಡ್ಡಿ ಬಿಟ್ಟಳು. "ಏನಿಲ್ಲ ಕಣವ್ವ. ಒಸಿ ಸಡ್ಲ ಆಗಿತ್ತು. ನೀನು ಕಟ್ಟು ತಾಯಿ, ಚೆನ್ನಾಗೈತೆ."

ಹನ್ನೆರಡು ವರ್ಷ ಅವಳ ಬಾಯಿಂದ ನಾನು ಕಾದಿದ್ದು ಆ ಒಂದು ಮಾತಿಗೆ. ಬಂದದ್ದು ಹೀಗೆ. ಒಂದು ಕಡ್ಡಿ ಎತ್ತಿ ನಾನೇ ಅಲ್ಲಾಡಿಸಿದೆ, ನಾಲ್ಕು ಎಲೆ ಕೆಳಗೆ ಬಿದ್ದವು. ಸೊಪ್ಪು ಒಣಗಿದಂತೆ ಕುಗ್ಗುತ್ತದೆ, ಸಡಿಲ ಕಟ್ಟಿದ್ದು ಜಾರಿ ಕೆಳಗಿನ ಬಿಸಿ ಪೈಪಿನ ಮೇಲೆ ಬೀಳುತ್ತದೆ. ಒಂದೆಲೆ ಹೊತ್ತಿಕೊಂಡರೆ ಇಡೀ ಬ್ಯಾರನ್ ಬೂದಿ. ಇದು ನನಗೆ ಗೊತ್ತಿಲ್ಲದ್ದಲ್ಲ. ಹೊಟ್ಟೆಕಿಚ್ಚಿನಲ್ಲಿ ಕೈ ಓಡಿತ್ತು, ಬುದ್ಧಿ ಓಡಿರಲಿಲ್ಲ.

"ಮತ್ತೆ ಬಾಯ್ಬಿಟ್ಟು ಹೇಳ್ಬಾರ್ದಾ ಅಕ್ಕ?"

"ಬೈದ್ರೆ ನೀನೂ ಎದ್ದೋಯ್ತೀಯಲ್ಲವ್ವ" ಅಂದಳು. ನನ್ನ ಮುಖ ನೋಡಲಿಲ್ಲ.

ನನಗೆ ಅಳು ಬಂತು. ಅವಳ ತುಟಿಯನ್ನು ನನ್ನ ಸೆರಗಿನಿಂದ ಒರೆಸಿದೆ. ಬೆಳಗ್ಗಿನಿಂದ ಕಟ್ಟಿದ ಅಷ್ಟೂ ಕಡ್ಡಿ ತಂದು ಅವಳ ಮುಂದೆ ಹಾಕಿ, "ಯಾವ್ಯಾವ್ದು ಸಡ್ಲ ಐತೆ ಹೇಳು. ಬೈಕೊಂಡೇ ಹೇಳು. ಬೈದೇ ಇದ್ರೆ ಮಾತ್ರ ಎದ್ದೋಯ್ತೀನಿ" ಅಂದೆ.

ಅವಳು ಒಂದು ಕಡ್ಡಿ ಮುಟ್ಟಿ, "ಇದೊಂದು ಗಂಟೇನಮ್ಮಿ? ಲಂಗದ ಲಾಡಿ ಕಟ್ದಂಗೆ ಕಟ್ಟಿದ್ದೀಯಲ್ಲ" ಅಂದಳು. ಆಮೇಲೆ ನಿಲ್ಲಿಸಲೇ ಇಲ್ಲ. ನನ್ನ ಕೈ, ನನ್ನ ಕಣ್ಣು, ಹಂಪಾಪುರದ ಹತ್ತಿ, ಯಾವುದನ್ನೂ ಬಿಡಲಿಲ್ಲ. ಕೂಲಿಯವರು ನಗುತ್ತಾ ಕಟ್ಟಿದರು. ಮುಕ್ಕಾಲು ಪಾಲು ಕಡ್ಡಿ ಬಿಚ್ಚಿ ಮತ್ತೆ ಕಟ್ಟಿದೆ. ಹೊತ್ತು ಮುಳುಗುವ ಮುಂಚೆ ಕೊನೆಯ ಕಡ್ಡಿ ಒಳಗೆ ಏರಿತು.

ಆರನೆಯ ದಿನ ಬ್ಯಾರನ್ ಬಾಗಿಲು ತೆಗೆದಾಗ ಅತ್ತೆಯನ್ನೂ ಕರೆದುಕೊಂಡು ಹೋದೆ. ಸೊಪ್ಪು ಹಳದಿಯಾಗಿ ಹದವಾಗಿತ್ತು, ನೆಲದ ಮೇಲೆ ಒಂದೇ ಒಂದು ಎಲೆ ಬಿದ್ದಿರಲಿಲ್ಲ. ಅತ್ತೆ ಕಾಲಲ್ಲಿ ತಡಕಿ ನೋಡಿ, "ನಿಂಗಿ ಪಕ್ಕದಲ್ಲಿ ಕೂತಿದ್ಲಲ್ಲ, ಅದ್ಕೆ" ಅಂದರು. ಮತ್ತೆ ನನ್ನ ಹೊಟ್ಟೆ ಉರಿಯಿತು.

ಈಗಲೂ ಉರಿಯುತ್ತದೆ. ಪ್ರತಿ ಶ್ರಾವಣದಲ್ಲಿ ನಿಂಗಮ್ಮಕ್ಕ ಕೋಲೂರಿಕೊಂಡು ನಮ್ಮ ಮನೆಗೆ ಮುಯ್ಯಾಳಾಗಿ ಬರುತ್ತಾಳೆ, ಎಡಗೈಯಲ್ಲಿ ಎಲೆ ಕೊಡುತ್ತಾ ನನ್ನನ್ನು ಸಂಜೆಯವರೆಗೆ ಬಯ್ಯುತ್ತಾಳೆ. ಅತ್ತೆ ಅವಳಿಗೇ ಮೊದಲು ಕಾಫಿ ಕೊಡುತ್ತಾರೆ. ಚೆನ್ನಾಗೈತೆ ಅನ್ನುವ ಮಾತನ್ನು ಮಾತ್ರ ಅವಳು ಮತ್ತೆ ಆಡಿಲ್ಲ. ಆಡುವುದೂ ಬೇಡ.