ಬಾಗಿಲಲ್ಲಿ ನಿಂತ ಬಾತುಕೋಳಿ

ಕಳೆದ ಭಾನುವಾರ ಜಯನಗರದ ನಮ್ಮ ಬೀದಿಯಲ್ಲಿ ಒಂದು ಬಾತುಕೋಳಿಯ ಪ್ರಾಣ ಹೋಗುವುದರಲ್ಲಿತ್ತು. ಗಾಬರಿ ಬೇಡ, ಅದು ಕಾಗದದ ಮೇಲಿನ ಬಾತುಕೋಳಿ.

ಎದುರು ಮನೆಗೆ ಬಾಡಿಗೆಗೆ ಬಂದಿರುವ ಹಿಲ್ಡಾ ಮೇಡಂ ಜರ್ಮನಿಯವರು. ಗಂಡ ಇಲ್ಲಿಯ ಫ್ಯಾಕ್ಟರಿಯೊಂದರಲ್ಲಿ ಇಂಜಿನಿಯರ್. ಈಕೆ ಮಕ್ಕಳ ಪುಸ್ತಕ ಬರೆಯುತ್ತಾರೆ. (ಅದೂ ಒಂದು ಕೆಲಸವೇ ಎಂದು ನಮ್ಮ ಬೀದಿ ಆಗಲೇ ಕೇಳಿಯಾಗಿದೆ.) ಬರೆದದ್ದನ್ನು ಅಚ್ಚಿಗೆ ಕೊಡುವ ಮೊದಲು ಮಕ್ಕಳಿಗೆ ಹೇಳಿ ನೋಡುವುದು ಅವರ ಪದ್ಧತಿ. ಮಗು ಆಕಳಿಸಿದರೆ ಆ ಪುಟ ಹೋಯಿತು. ಎದ್ದು ಹೋದರೆ ಅಧ್ಯಾಯವೇ ಹೋಯಿತು. ನಮ್ಮ ಸಾಹಿತಿಗಳಿಗೆ ಇಷ್ಟು ಧೈರ್ಯವಿದೆಯೇ?

ಪ್ರತಿ ಭಾನುವಾರ ಸಂಜೆ ಬೀದಿಯ ಮಕ್ಕಳೆಲ್ಲ ಅವರ ಕಾಂಪೌಂಡಿನಲ್ಲಿ. ಮೇಡಂ ಇಂಗ್ಲಿಷಿನಲ್ಲಿ ಹೇಳುತ್ತಾರೆ. ಪಕ್ಕದ ಮನೆಯ ರಿಟೈರ್ಡ್ ಹೆಡ್‌ಮಾಸ್ಟರ್ ಶೇಷಗಿರಿರಾಯರು ಅದನ್ನು ಕನ್ನಡದಲ್ಲಿ ಹೇಳುತ್ತಾರೆ. ಗೂಡು ಸೇರಲು ಒಪ್ಪದೆ ಊರೆಲ್ಲ ಸುತ್ತುವ ಬಾತುಕೋಳಿಯ ಕಥೆ. ಕತ್ತಲಾಗುವಾಗ ಅದು ಗೂಡಿನ ಬಾಗಿಲಿಗೆ ಬಂದು ನಿಲ್ಲುತ್ತದೆ. ಅಲ್ಲಿಗೆ ಮುಗಿಯಿತು.

ಅಲ್ಲಿಯವರೆಗೆ ಬಿದ್ದು ಬಿದ್ದು ನಗುವ ಮಕ್ಕಳು, ಕೊನೆ ಬಂತೆಂದರೆ ಎದ್ದು ಓಟ. ಮೇಡಂ ಕೊನೆಯನ್ನು ಮತ್ತೆ ಮತ್ತೆ ತಿದ್ದಿದರು. ಆಗಲೂ ಓಟವೇ. ಈ ಸಲ ಗೇಟಿನ ಬಳಿ ನನಗೆ ಸಿಕ್ಕಾಗ ಅವರ ಮುಖ ಬಾಡಿತ್ತು. ಕಥೆ ಸತ್ತಿದೆ, ಹರಿದು ಹಾಕುತ್ತೇನೆ ಎಂದರು. ಒಂದು ವರ್ಷದ ದುಡಿಮೆ. ನನಗೆ ಸಂಕಟವಾಯಿತು.

ಮನೆಗೆ ಬಂದು ಮಗಳು ಪದ್ಮಳನ್ನು ಕೇಳಿದೆ.

“ಕಥೆ ಚೆನ್ನಾಗೇ ಇದೆ ಅಪ್ಪ. ಕೊನೇಲಿ ಮೇಷ್ಟ್ರು ‘ಆದ್ದರಿಂದ ಮಕ್ಕಳೇ, ದೊಡ್ಡೋರ ಮಾತು ಕೇಳ್ಬೇಕು’ ಅಂತ ಶುರು ಮಾಡ್ತಾರಲ್ಲ, ಅದಕ್ಕೇ ಎದ್ದುಬಿಡ್ತೀವಿ. ಕೂತಿದ್ರೆ ಪ್ರಶ್ನೆ ಕೇಳ್ತಾರೆ.”

ನೇರ ರಾಯರ ಮನೆಗೆ ಹೋದೆ. ಅವರಿಗೆ ಅಳುಕೇ ಇಲ್ಲ.

“ನೀತಿ ಇಲ್ದೆ ಕಥೆ ಏನ್ರೀ? ಪಾಪ, ಆಯಮ್ಮ ಬರೆಯೋಕೆ ಮರ್ತಿದಾರೆ. ಪರದೇಶದೋರು, ಹೇಳಿ ಯಾಕೆ ನೋಯಿಸೋದು ಅಂತ ನಾನೇ ಸೇರಿಸ್ದೆ.”

ಇಬ್ಬರೂ ಮೇಡಂ ಬಳಿ ಹೋಗಿ ವಿಷಯ ಹೇಳಿದೆವು. ನಕ್ಕುಬಿಡುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ತಾವು ಶಾಲೆಯಲ್ಲಿದ್ದಾಗ ಪ್ರತಿ ಕಥೆಯ ಕೊನೆಗೂ ಯಾರ ಮಾತು ಕೇಳಬೇಕೆಂದು ಬರೆದಿರುತ್ತಿತ್ತಂತೆ. ಕ್ಲಾಸಿನವರೆಲ್ಲ ಅದನ್ನು ಬಾಯಿಪಾಠ ಮಾಡಿದ್ದರಂತೆ, ಹಾಗೆಯೇ ನಡೆದರಂತೆ. ಆಮೇಲೆ ಯುದ್ಧ ಬಂತು. ಕ್ಲಾಸಿನ ಹುಡುಗರಲ್ಲಿ ಹೆಚ್ಚಿನವರು ಮನೆಗೆ ಬರಲಿಲ್ಲ. ಅದಕ್ಕೇ ತಮ್ಮ ಬಾತುಕೋಳಿಯನ್ನು ಬಾಗಿಲಲ್ಲೇ ನಿಲ್ಲಿಸಿದ್ದಾಗಿ ಹೇಳಿದರು.

ರಾಯರು ಎದ್ದು ಮನೆಗೆ ನಡೆದರು.

ಮರುದಿನ ಸಂಜೆ ಮಕ್ಕಳನ್ನು ಅವರೇ ಕೂಗಿ ಕರೆದರು. ಬಾತುಕೋಳಿ ಬಾಗಿಲಿಗೆ ಬಂತು, ರಾಯರು ಬಾಯಿ ಮುಚ್ಚಿದರು. (ಎಷ್ಟು ಕಷ್ಟಪಟ್ಟರೆಂದು ಅವರ ಮುಖದಲ್ಲೇ ಕಾಣುತ್ತಿತ್ತು.) ಯಾರೂ ಏಳಲಿಲ್ಲ.

“ಅದು ಒಳಗೆ ಹೋಯ್ತಾ ಮೇಷ್ಟ್ರೇ?” ಎಂದಳು ಪದ್ಮ.

“ನಂಗೊತ್ತಿಲ್ಲಮ್ಮ. ನಿಂಗೇನನ್ಸತ್ತೆ?”

ಮೇಷ್ಟ್ರೊಬ್ಬರು ಮಕ್ಕಳ ಎದುರು ಗೊತ್ತಿಲ್ಲ ಎಂದದ್ದನ್ನು ನೀವು ಎಂದಾದರೂ ಕೇಳಿದ್ದೀರಾ?